ಟಾಮ್ ರೆನ್ನಿಯ ಕೆನ್ನೆಯ ಗಾಯ

ಧನಂಜಯ ನನ್ನ ಹತ್ತಿರ ಮೊದಲು ಮಾತಾಡಿದ್ದೇ ಒಬ್ಬ ದರೋಡೆಕೋರನ ಬಗ್ಗೆ. ಬೇರೆ ಹುಡುಗಿಯರ ಪ್ರೇಮ ಹೂವಿನಿಂದಲೋ ಕಾಫಿಯಿಂದಲೋ ಶುರುವಾಗುತ್ತದೆ. ನನ್ನದು ಟಾಮ್ ರೆನ್ನಿಯಿಂದ. ನನ್ನ ಹಣೆಬರಹವೇ ಅಷ್ಟು.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಕನ್ನಡಿಗರ ಯುಗಾದಿ ಊಟಕ್ಕೆ ಸಾಲಿನಲ್ಲಿ ನಿಂತಿದ್ದೆ. ಹಿಂದಿನಿಂದ ಒಂದು ಮೈಸೂರು ದನಿ ಬಂತು.

“ಮ್ಯೂಸಿಯಂನಲ್ಲಿ ಹಳೇ ಫೋಟೋ ರಿಪೇರಿ ಮಾಡೋ ನಿಖಿತಾ ನೀವೇ ಅಲ್ವಾ? ಟಾಮ್ ರೆನ್ನಿ ಗೊತ್ತಾ?”

“ಇಲ್ಲ. ನಿಮ್ಮ ಪೈಕಿ ಏನು?”

ಅವನು ನಕ್ಕ ರಭಸಕ್ಕೆ ಲೋಟದ ಪಾನಕ ನನ್ನ ಸೆರಗಿನ ಮೇಲೆ ಚೆಲ್ಲಿತು. ಕಲೆ ನೋಡುವ ನೆಪದಲ್ಲಿ ನನ್ನನ್ನೇ ನೋಡಿದ. ನಾನೂ ಬೇಕೆಂದೇ ನಿಧಾನವಾಗಿ ಒರೆಸಿಕೊಂಡೆ.

ರೆನ್ನಿ ನೂರೈವತ್ತು ವರ್ಷಗಳ ಹಿಂದೆ ಒಟಾಗೋ ಪ್ರಾಂತ್ಯದ ಚಿನ್ನದ ಗಣಿಗಳ ದಾರಿಯಲ್ಲಿ ಗಣಿಯವರನ್ನು ಅಡ್ಡಗಟ್ಟಿ ದೋಚುತ್ತಿದ್ದವನು. ಪೊಲೀಸರ ಹಳೆಯ ನೋಟಿಸಿನಲ್ಲಿ ಅವನಿಗೆ ಒಂದೇ ಗುರುತು: ಎಡಗಿವಿಯಿಂದ ತುಟಿಯ ಅಂಚಿನವರೆಗೆ ಗಾಯದ ಗೆರೆ. ಅವನ ಫೋಟೋ ಎಲ್ಲಿಯೂ ಇಲ್ಲ. ಸೇತುವೆಗಳ ಎಂಜಿನಿಯರ್ ಆದ ಧನಂಜಯ ಆರು ವರ್ಷಗಳಿಂದ ರಜೆಯನ್ನೆಲ್ಲ ಅವನ ಹಿಂದೆ ಕಳೆದಿದ್ದ. ಅವನ ಬಗ್ಗೆ ಬರೆಯುತ್ತಿದ್ದ ಪುಸ್ತಕ ಮುಗಿದಿತ್ತು. ಮುಖ ಮಾತ್ರ ಸಿಕ್ಕಿರಲಿಲ್ಲ.

“ಸತ್ತ ಕಳ್ಳನ ಮ್ಯಾಲೆ ಇಷ್ಟು ಪ್ರೀತಿ. ಬದುಕಿರೋರ ಗತಿ ಏನ್ರೀ?” ಎಂದು ಒಮ್ಮೆ ಕೇಳಿದೆ.

“ನಿಮ್ಮ ಗದಗಿನ ಕನ್ನಡದಲ್ಲಿ ಪ್ರಶ್ನೆ ಕೇಳಿದ್ರೂ ಬೈದ ಹಾಗಿರುತ್ತೆ.”

“ಬೈಯಾಕಂತನ ಕೇಳೀನಿ.”

ಜೂನ್ ಹೊತ್ತಿಗೆ ಬಹುವಚನ ಉದುರಿಹೋಗಿತ್ತು. ಜೂನ್ ಇಲ್ಲಿ ಚಳಿಗಾಲ. ಹೊರಗೆ ಹಿಮ ಬೀಳುವಂತಿದ್ದ ಒಂದು ಭಾನುವಾರ ನನ್ನ ಫ್ಲ್ಯಾಟಿನಲ್ಲಿ ಅವನಿಗೆ ‘ಟಚಿಂಗ್’ ಕಲಿಸಿದೆ. ಗದಗಿನಲ್ಲಿ ನಮ್ಮಜ್ಜನಿಗೆ ಸ್ಟುಡಿಯೋ ಇತ್ತು. ವರನ ಕಡೆಗೆ ಹೋಗುವ ಹುಡುಗಿಯರ ಫೋಟೋದಲ್ಲಿ ಮೊಡವೆ, ಕಲೆಗಳನ್ನು ಅಜ್ಜ ಪೆನ್ಸಿಲ್ ತುದಿಯಿಂದ ಮಾಯ ಮಾಡುತ್ತಿದ್ದ. ಚರ್ಮದಲ್ಲಿ ಗೆರೆ ಇರುವುದಿಲ್ಲ, ಹಾಗಾಗಿ ಗೆರೆ ಎಳೆಯಬಾರದು ಎನ್ನುತ್ತಿದ್ದ. ಒಂದು ಸಣ್ಣ ಚುಕ್ಕಿ, ಅದಕ್ಕೊಂದು ಬಾಲ, ಕೈ ಎತ್ತಬೇಕು, ಮತ್ತೊಂದು ಚುಕ್ಕಿ. ಅಜ್ಜ ಎಡಚ. ಅವನ ಬಾಲಗಳೆಲ್ಲ ಬೇರೆಯವರಿಗಿಂತ ತಿರುಗಾಮುರುಗಾ. ನೋಡಿ ಕಲಿತ ನನ್ನವೂ ಹಾಗೆಯೇ.

ನನಗೆ ಗದ್ದದ ಮೇಲೊಂದು ಗಾಯದ ಗುರುತಿದೆ, ಸೈಕಲ್ಲಿನಿಂದ ಬಿದ್ದದ್ದು. ಅಜ್ಜ ತನ್ನ ಕೊನೆಯ ಕಪ್ಪು-ಬಿಳುಪು ರೀಲಿನಲ್ಲಿ ನನ್ನ ಫೋಟೋ ತೆಗೆದು, ಆ ಗುರುತನ್ನು ಅಳಿಸಿಬಿಟ್ಟಿದ್ದ. ಆ ಫೋಟೋವನ್ನು ಧನಂಜಯ ಬಹಳ ಹೊತ್ತು ನೋಡಿದ.

“ತೆಗೆಯೋದು ಗೊತ್ತಾಯ್ತು. ಗಾಯ ಹಾಕೋದು ಹೇಗೆ?”

“ಯಾಕ?”

“ಈ ಗುರುತಿರೋ ನೀನೇ ನನಗೆ ಬೇಕು.”

ಪೆನ್ಸಿಲ್ ಹಿಡಿದ ಅವನ ಬೆರಳುಗಳ ಮೇಲೆ ನನ್ನ ಬೆರಳಿಟ್ಟು ಕಲಿಸಿದೆ. ಉಸಿರು ಬಿಗಿಹಿಡಿದು, ಚುಕ್ಕಿಯ ಪಕ್ಕ ಚುಕ್ಕಿಯಿಟ್ಟು, ನನ್ನ ಗಾಯವನ್ನು ಅವನು ನನಗೆ ವಾಪಸ್ಸು ಕೊಟ್ಟ. ಅಂದಿನಿಂದ ಆ ಫೋಟೋ ನನ್ನ ದಿಂಬಿನ ಪಕ್ಕ. ನಗಬೇಡಿ, ಮೂವತ್ತೆರಡಕ್ಕೂ ಹೀಗೆಲ್ಲ ಆಗುತ್ತದೆ.

ಆಗಸ್ಟ್‌ನಲ್ಲಿ ಅವನು ಓಡಿಬಂದ. “ರೆನ್ನಿ ಸಿಕ್ಕಿಬಿಟ್ಟ, ನಿಕ್ಕಿ! ಹೋದ ವಾರ, ಒಮಾರು ಊರಿನ ಹಳೇ ಸಾಮಾನಿನ ಅಂಗಡೀಲಿ!”

ಅವನು ತಂದ ಹಳೆಯ ಫೋಟೋದಲ್ಲಿ ಒಬ್ಬ ಗಂಡಸು. ಟೋಪಿ, ಕೋಟು, ಇಸ್ತ್ರಿಯ ಕಾಲರ್. ಎಡಗೆನ್ನೆಯ ಮೇಲೆ ಗಾಯ. ಮ್ಯೂಸಿಯಂನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಇತಿಹಾಸ ಸಂಘದ ಒಬ್ಬ ಮುದುಕ ಕೋಟಿನ ಗುಂಡಿ ಆ ಕಾಲದ್ದಲ್ಲ ಎಂದ. ಇನ್ನೊಬ್ಬ ಟೋಪಿ ಆ ಕಾಲದ್ದೇ ಎಂದು ಮೇಜು ಗುದ್ದಿದ. ಕಡೆಗೆ ಇಬ್ಬರೂ ಗಾಯ ನೋಡಿ ಸುಮ್ಮನಾದರು. ನಮ್ಮ ನಿರ್ದೇಶಕಿ ಹೆಲೆನ್ ಫೋಟೋವನ್ನು ನನ್ನ ಮೇಜಿಗೆ ಕಳಿಸಿದಳು. ನಾನು ಅಸಲಿ ಎಂದು ಸಹಿ ಮಾಡಿದರೆ ಪ್ರದರ್ಶನ, ಪುಸ್ತಕ. ಆಮೇಲೆ ಎರಡೂ ಮನೆಗಳಿಗೆ ಫೋನ್ ಮಾಡಿ ಮದುವೆಯ ಮಾತೆತ್ತುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ದೀಪವನ್ನು ಪಕ್ಕದಿಂದ ಹಾಯಿಸಿದೆ. ಕಾಗದ ಹಳೆಯದೇ. ಗಾಯ ಮಾತ್ರ ಪೆನ್ಸಿಲ್ಲಿನ ಸೀಸದ ಹಾಗೆ ಮಿನುಗಿತು. ಲೆನ್ಸಿನಲ್ಲಿ ನೋಡಿದೆ. ಚುಕ್ಕಿ, ಬಾಲ. ಚುಕ್ಕಿ, ಬಾಲ. ಬಾಲಗಳೆಲ್ಲ ತಿರುಗಾಮುರುಗಾ, ನಾನು ಕಲಿಸಿದ ಹಾಗೇ. ಫೈಲಿನಲ್ಲಿ ಅಂಗಡಿಯ ರಸೀದಿ ಹುಡುಕಿದೆ. ಮ್ಯೂಸಿಯಂ ಕೇಳುತ್ತದೆಂದು ಅದನ್ನು ಧನಂಜಯನೇ ಹೆಲೆನ್‌ಗೆ ಕೊಟ್ಟಿದ್ದ. ದಿನಾಂಕ ಮೇ ಒಂಬತ್ತು.

ಅವನನ್ನು ಕರೆಸಿ ಲೆನ್ಸ್ ಕೈಗೆ ಕೊಟ್ಟೆ. ಅವನು ನೋಡಿದ. ಕಿವಿ ಕೆಂಪಾದವು.

“ಅವನು ರೆನ್ನೀನೇ ಕಣೇ. ಗಾಯ ಮಾಸಿತ್ತು, ಕಾಣೋ ಹಾಗೆ ಮಾಡ್ದೆ ಅಷ್ಟೇ.”

“ಮಾಸಿದ್ರ ಕೆಳಗ ಗುರುತರ ಇರಬೇಕಲ್ಲ? ಏನೂ ಇಲ್ಲ. ಯಾರೋ ಪಾಪ, ಕಾಲರ್ ಇಸ್ತ್ರಿ ಮಾಡಿಸ್ಕೊಂಡು ಫೋಟೋ ಹೊಡಿಸ್ಕೊಳ್ಳಾಕ ಬಂದಾನ. ಅವನ್ನ ಕಳ್ಳನ್ನ ಮಾಡಿಟ್ಟಿ.”

ಅವನು ಲೆನ್ಸನ್ನು ಮೇಜಿನ ಮೇಲಿಟ್ಟ.

“ಇದು ನನ್ನ ಟೇಬಲ್ಲಿಗೇ ಬರ್ತೈತಿ ಅಂತ ಗೊತ್ತಿತ್ತಲ್ಲ?”

“ಗೊತ್ತಿತ್ತು. ಅದಕ್ಕೇ ಧೈರ್ಯ ಬಂತು. ನೀನು ನನ್ನವಳಲ್ವಾ?”

ನನ್ನವಳು ಎಂಬ ಮಾತಿಗಾಗಿ ತಿಂಗಳುಗಟ್ಟಲೆ ಕಾದಿದ್ದೆ. ಅದು ಬಂದದ್ದು ಹೀಗೆ.

“ಮೇ ತಿಂಗಳದಾಗ ತಗೊಂಡೀ. ಜೂನ್‌ದಾಗ ನನ್ನ ಗದ್ದದ ಮ್ಯಾಲೆ ಗಾಯ ಬರದೀ. ಆವತ್ತು ಇದು ನಿನ್ನ ಹತ್ರ ಇತ್ತು.”

“ಕಾರಲ್ಲೇ ಇತ್ತು. ಆದ್ರೆ ಆವತ್ತು ಹೇಳಿದ್ದು ಸುಳ್ಳಲ್ಲ. ಎರಡೂ ನಿಜ ನಿಕ್ಕಿ.”

“ಇರಬಹುದು. ಅದನ್ನ ನೋಡಾಕ ನನ್ನ ಹತ್ರ ದೀಪ ಇಲ್ಲ.”

“ಸಹಿ ಮಾಡು. ಮದುವೆ ಆಗೋಣ. ಯಾವತ್ತೋ ಸತ್ತವನಿಗೆ ಏನು ನಷ್ಟ?”

ಆ ಗಳಿಗೆಯಲ್ಲೂ ಅವನ ಮೇಲೆ ಪ್ರೀತಿ ಇತ್ತು. ನನಗೆ ನಾಚಿಕೆಯಾಗುವುದು ಅದಕ್ಕೇ. ಪೆನ್ನು ಕೂಡ ಕೈಗೆತ್ತಿಕೊಂಡೆ. ಅವನ ಮುಖ ಅರಳಿತು. ಅದು ನನ್ನನ್ನು ನೋಡಿ ಅರಳಿದ್ದಲ್ಲ, ಪೆನ್ನನ್ನು ನೋಡಿ.

“ಹೋಗು ಧನಂಜಯ,” ಎಂದೆ. ಅವನ ಕಾರು ಸ್ಟಾರ್ಟ್ ಆಗಲು ಬಹಳ ಹೊತ್ತು ಹಿಡಿಯಿತು. ನಾನು ಕಿಟಕಿಯ ಹತ್ತಿರ ಹೋಗಲಿಲ್ಲ.

ಮರುದಿನ ಗಾಯ ಈಚೆಗೆ ಬರೆದದ್ದು ಎಂದು ಹೆಲೆನ್‌ಗೆ ಹೇಳಿದೆ. ಅವಳು ಕೇಳಿದಳು, ಇದು ಆ ಕಾಲದ ಸ್ಟುಡಿಯೋದವರೇ ಮಾಡಿದ್ದಲ್ಲ ಎಂದು ಹೇಗೆ ಹೇಳುತ್ತೀಯ? ಬರೀ ನನ್ನ ಮಾತು ಸಾಲದು, ಹೋಲಿಸಿ ತೋರಿಸಬೇಕು. ದಿಂಬಿನ ಪಕ್ಕದ ಫೋಟೋ ತಂದು, ಆ ಬಡಪಾಯಿಯ ಪಕ್ಕದಲ್ಲಿಟ್ಟೆ. ಅವನ ಕೆನ್ನೆ, ನನ್ನ ಗದ್ದ, ಎರಡರಲ್ಲೂ ಒಂದೇ ಕೈ. ಹೆಲೆನ್ ಕನ್ನಡಕ ತೆಗೆದು ನನ್ನ ಗದ್ದ ನೋಡಿದಳು. ಎರಡೂ ಫೋಟೋಗಳನ್ನು ಫೈಲಿಗೆ ಸೇರಿಸಿದಳು.

ಫೈಲಿಗೆ ಹೋದದ್ದು ವಾಪಸ್ಸು ಬರುವುದಿಲ್ಲ. ಅಜ್ಜ ತೆಗೆದ ನನ್ನ ಫೋಟೋವೂ ಅಲ್ಲೇ ಉಳಿಯಿತು. ಅದಕ್ಕೆ ಅಂಟಿಸುವ ಚೀಟಿಯನ್ನು ನಾನೇ ತುಂಬಿಸಿದೆ. ಗದ್ದದ ಗಾಯ: ನಂತರ ಸೇರಿಸಿದ್ದು. ಸೇರಿಸಿದವರು: ಧನಂಜಯ. ಕಲಿಸಿದವರು: ನಿಖಿತಾ. ಕೆಳಗೆ ‘ಉದ್ದೇಶ’ ಎಂದು ಇನ್ನೊಂದು ಸಾಲಿತ್ತು. ಅದನ್ನು ಖಾಲಿ ಬಿಟ್ಟೆ.