ವಾರಿಜಮ್ಮನ ಕೈ ಎತ್ತರ

ಕೆಂಪು ಹೂಗೊಂಚಲು ಬಿಡುವ ಕೇಪಳ ಗಿಡದ ಕೊಂಬೆಯೊಂದಕ್ಕೆ ಮೋಹಿನಿ ಶೇರಿಗಾರ್ ಬಳೆಯಂಥ ಉಪಕರಣವನ್ನು ತೊಡಿಸಿ ಗುಂಡಿ ಒತ್ತಿದರು. ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಸದ್ದು ಕಟ್ಟಿಗೆಯೊಳಗೆ ಹಾದು ಮರಳಿತು. ಅಂಗೈಯಗಲದ ಪರದೆಯ ಮೇಲೆ ಕೊಂಬೆಯ ಒಳಗು ಮೂಡಿತು. ಒಂದೊಂದು ಗೆಣ್ಣಿನಲ್ಲೂ ಒಂದು ಕಪ್ಪು ಚುಕ್ಕೆ, ಪಕ್ಕದಲ್ಲಿ ವರ್ಷ ಮತ್ತು ತಿಂಗಳು.

“ಗಿಡಕ್ಕೂ ಬಿ.ಪಿ. ನೋಡುವ ಕಾಲ ಬಂತಲ್ಲ ಮಾರಾಯ್ತಿ,” ಎಂದರು ಈಶ್ವರ ಕೆದಿಲಾಯರು. ನಗಲು ನೋಡಿದರು, ಆಗಲಿಲ್ಲ.

ಇದು 2058ರ ಮಾತು. ಸಸ್ಯವಿಜ್ಞಾನಿಯಾದ ಮೋಹಿನಿ ಗೆಣ್ಣುಗನ್ನಡಿ ಎಂಬ ಈ ಉಪಕರಣವನ್ನು ಕಂಡುಹಿಡಿದು ನಾಲ್ಕು ವರ್ಷವಾಗಿತ್ತು. ಕೇಪಳದ ಹೂಗೊಂಚಲು ಬರುವುದು ಕೊಂಬೆಯ ತುದಿಯಲ್ಲಿ. ಹೂ ಬಿಟ್ಟಮೇಲೆ ಆ ತುದಿ ಮುಂದೆ ಬೆಳೆಯುವುದಿಲ್ಲ. ಕೆಳಗಿನ ಜೋಡಿ ಎಲೆಗಳ ಸಂದಿನಿಂದ ಎರಡು ಕವಲು ಹೊರಡುತ್ತವೆ. ಗೊಂಚಲು ತಾನಾಗಿ ಹಣ್ಣಾಗಿ ಉದುರಿದರೆ ಗೆಣ್ಣಿನಲ್ಲಿ ಒಂದು ಬಗೆಯ ಗುರುತು, ಉಗುರಿನಿಂದ ಚಿವುಟಿದರೆ ಇನ್ನೊಂದು ಬಗೆ. ಗಾಯದ ಮೇಲೆ ಕಟ್ಟಿದ ಪದರಗಳನ್ನು ಓದಿ ಯಂತ್ರ ಕಾಲವನ್ನು ಹೇಳುತ್ತಿತ್ತು. ಅರಣ್ಯದವರು ಇದರಿಂದ ತೊಗಟೆ ಕಳ್ಳರನ್ನು ಹಿಡಿದರು. ಅಂಗಳದ ದಾಸವಾಳ ಕದಿಯುತ್ತಿದ್ದ ನೆರೆಮನೆಯವರೂ ಕೆಲವರು ಸಿಕ್ಕಿಬಿದ್ದರು.

ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಕೆದಿಲಾಯರು ಮೋಹಿನಿಯನ್ನು ಕರೆಸಿದ್ದು ಬೇರೆ ಕೆಲಸಕ್ಕೆ. ಹೆಂಡತಿ ವಾರಿಜಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಮೂರು ವರ್ಷಗಳ ಹಿಂದೆ ಆಕೆಗೆ ಸುಸ್ತು, ಸಣ್ಣ ಜ್ವರ ಶುರುವಾದಾಗ ಕೆದಿಲಾಯರು ದೇವಿಗೆ ಹರಕೆ ಹೇಳಿಕೊಂಡಿದ್ದರು. ಪ್ರತಿ ಬೇಸಿಗೆಯಲ್ಲಿ ನಲವತ್ತೆಂಟು ದಿನ, ದಿನಕ್ಕೆ ಇಪ್ಪತ್ತೊಂದು ಗೊಂಚಲು ಕೇಪಳ. ಯಾರ ಆರೋಗ್ಯಕ್ಕಾಗಿ ಹರಕೆಯೋ ಅವರೇ ಕೈಯಾರೆ ಕೊಯ್ಯಬೇಕೆಂಬುದು ಅವರ ಮನೆತನದ ಕಟ್ಟು. ವಾರಿಜಮ್ಮ ಬೆಳಿಗ್ಗೆ ಮಿಂದು ಬುಟ್ಟಿ ಹಿಡಿದು, ದೇವಿಯ ಗುಡಿಯ ಹಿಂದಿನ ಈ ಕೆಂಪು ಮುರಕಲ್ಲಿನ ಗುಡ್ಡ ಹತ್ತುತ್ತಿದ್ದರು. ದೇವಿಯ ಹೂವೆಂದು ಊರಿನ ಬೇರೆ ಯಾರೂ ಇಲ್ಲಿ ಕೈಹಾಕುತ್ತಿರಲಿಲ್ಲ. ಮೊದಲ ವರ್ಷ ಇಪ್ಪತ್ತೊಂದು ಬಂತು. ಎರಡನೆಯ ವರ್ಷ ಹದಿನೈದು. ಕಳೆದ ವರ್ಷ ಒಂಬತ್ತಾದರೆ ಹೆಚ್ಚು.

“ಕೇಳಿದರೆ ‘ಗಿಡದಲ್ಲಿ ಹೂವೇ ಇಲ್ಲ’ ಅಂತಿದ್ದಳು,” ಎಂದರು ಕೆದಿಲಾಯರು. “‘ದೇವರ ಕೆಲಸಕ್ಕೂ ಉದಾಸೀನವಾ ನಿನಗೆ?’ ಅಂತ ಬೈದೆ. ಹರಕೆ ತಪ್ಪಿತು, ದೇವಿ ಕರೆದುಕೊಂಡಳು. ಹೂವು ಇತ್ತಾ ಇಲ್ಲವಾ, ಅಷ್ಟು ಹೇಳಿ ಸಾಕು. ಇರದಿದ್ದರೆ ಬೈದದ್ದು ನನ್ನ ತಪ್ಪು. ಇದ್ದಿದ್ದರೆ...”

ಮೋಹಿನಿ ಹನ್ನೊಂದು ಗಿಡಗಳನ್ನು ಓದಿದರು. ಬಿಸಿಲು ನೆತ್ತಿಗೆ ಬಂತು.

“ಹೂವಿತ್ತು ಅಜ್ಜ. ಮೂರೂ ವರ್ಷ ಬೇಕಾದಷ್ಟಿತ್ತು.”

ಕೆದಿಲಾಯರ ಮುಖ ಗಡುಸಾಯಿತು. “ಹಾಗಾದರೆ ಸುಳ್ಳು ಹೇಳಿದಳು.”

“ಸ್ವಲ್ಪ ಕೇಳಿ. ಗಿಡ ಬೆಳೆದರೂ ಗೆಣ್ಣು ಮೇಲಕ್ಕೆ ಹೋಗುವುದಿಲ್ಲ, ಹುಟ್ಟಿದ ಎತ್ತರದಲ್ಲೇ ಇರುತ್ತದೆ. ಮೊದಲ ವರ್ಷ ಚಿವುಟಿದ ಗುರುತುಗಳು ಆರಡಿಯ ತನಕ ಇವೆ. ಉಗುರಿನ ಗುರುತಿನ ಓರೆ ನೋಡಿದರೆ ಬಲಗೈ. ಆ ಬೇಸಿಗೆ ಮುಗಿಯುವಾಗಲೇ ಗುರುತು ಎದೆಯ ಎತ್ತರಕ್ಕೆ ಇಳಿದಿದೆ. ಮರುವರ್ಷ ಎಲ್ಲ ಎಡಗೈ; ಅದನ್ನು ಎತ್ತಿದರೂ ಬಲಬದಿ ಎಳೆಯುತ್ತಿತ್ತೇನೋ, ಸೊಂಟದಿಂದ ಮೇಲೆ ಒಂದೂ ಇಲ್ಲ. ಮೇಲಿನ ಹೂವೆಲ್ಲ ಹಣ್ಣಾಗಿ ಉದುರಿದೆ.”

“ಕಳೆದ ವರ್ಷ?”

ಮೋಹಿನಿ ಮೊಣಕಾಲಿನಷ್ಟು ಎತ್ತರದ ಕವಲೊಂದನ್ನು ಮುಟ್ಟಿದರು. “ಇವೆಲ್ಲ ಕೂತು ಕೊಯ್ದದ್ದು.”

ವಾರಿಜಮ್ಮನ ಬಲ ಭುಜದ ಮೂಳೆಯಲ್ಲಿ ಗಡ್ಡೆಯಿದೆಯೆಂದು ತಿಳಿದದ್ದು ಕೊನೆಯ ತಿಂಗಳಲ್ಲಿ. ಎರಡು ವರ್ಷ ಮೊದಲು ಬಂದಿದ್ದರೆ ಗುಣವಾಗುತ್ತಿತ್ತು ಎಂದಿದ್ದರು ಡಾಕ್ಟರು. ನೋವು ಯಾವಾಗಿನಿಂದ ಎಂದು ಕೇಳಿದ್ದಕ್ಕೆ ವಾರಿಜಮ್ಮ ಗಂಡನ ಮುಖ ನೋಡಿ, “ಮೊನ್ನೆಯಿಂದ” ಎಂದಿದ್ದರು.

“ಕೈ ಏಳುವುದಿಲ್ಲ ಅಂತ ಹೇಳಿದ್ದರೆ ನಾನೇ ಕೊಯ್ಯುತ್ತಿದ್ದೆನಲ್ಲ,” ಎಂದರು ಕೆದಿಲಾಯರು.

“ಕೊಯ್ಯುತ್ತಿದ್ದಿರಾ ಅಜ್ಜ?”

ಕಟ್ಟು ಮುರಿಯುವ ಜನ ಕೆದಿಲಾಯರಲ್ಲ. ಅದು ವಾರಿಜಮ್ಮನಿಗೂ ಗೊತ್ತಿತ್ತು.

ಕೆದಿಲಾಯರು ಉಪಕರಣದ ಕಡೆ ನೋಡಿ ಕೇಳಿದರು, “ಇದನ್ನು ತಿಳಿಯಲಿಕ್ಕೆ ಈ ಯಂತ್ರವೇ ಬೇಕಿತ್ತಾ ಮಗಳೇ?”

ಮೋಹಿನಿ ಸುಳ್ಳು ಹೇಳಬಹುದಿತ್ತು. “ಆಗ ಒಮ್ಮೆ ಗಿಡ ನೋಡಿದ್ದರೂ ಆಗುತ್ತಿತ್ತು. ಕೆಳಗೆ ಬರೀ ಹಸಿರು, ಮೇಲೆಲ್ಲ ಕೆಂಪು ಇದ್ದಿರಬೇಕು.”

“ನಾನು ಗುಡ್ಡಕ್ಕೆ ಬರಲಿಲ್ಲ. ಮನೆಯಲ್ಲಿ ಕೂತು ಗೊಂಚಲು ಎಣಿಸುತ್ತಿದ್ದೆ.”

ಅವರು ಗಿಡದ ಬುಡದಲ್ಲಿ ಮೆಲ್ಲನೆ ಕುಳಿತರು. ಎಡಗೈ ಚಾಚಿ ಒಂದು ಗೊಂಚಲು ಚಿವುಟಿದರು. ಅಭ್ಯಾಸವಿಲ್ಲದ ಕೈ, ಅರ್ಧ ಹೂ ನೆಲಕ್ಕೆ ಸುರಿಯಿತು. ಗುಡಿಯ ಕಡೆಗೆ ತಿರುಗಿ, “ತಾಯೇ, ನೀನು ದಿನಾ ನೋಡುತ್ತಿದ್ದೆಯಲ್ಲ. ನನಗೊಂದು ಮಾತು ಹೇಳಬಾರದಿತ್ತಾ?” ಎಂದರು. ಆಮೇಲೆ ತಾವೇ ತಲೆ ಅಲ್ಲಾಡಿಸಿದರು. ದೇವಿ ಹೇಳಿದ್ದಳು. ಮೂರು ಬೇಸಿಗೆ ದಿನವೂ, ಬುಟ್ಟಿಯಲ್ಲಿಟ್ಟು ಹೇಳಿದ್ದಳು.

ಮುಂದಿನ ವರ್ಷಗಳಲ್ಲಿ ಕೆಲವು ಆಸ್ಪತ್ರೆಗಳು ಹೆಂಗಸರ ಮನೆಯಂಗಳದ ಹೂಗಿಡಗಳನ್ನೂ ಓದಿಸತೊಡಗಿದವು. ಹೇಳದೆ ಉಳಿದ ಎಷ್ಟೋ ನೋವು ಗೆಣ್ಣುಗಳಲ್ಲಿ ಸಿಕ್ಕಿತು. ಕೆಲವರು ಬದುಕಿದರು.

ಆ ಯಂತ್ರ ಬರಲು ಇನ್ನೂ ಬಹಳ ವರ್ಷಗಳಿವೆ. ಈ ಬೆಳಿಗ್ಗೆ ನಮ್ಮ ದೇವರ ಮುಂದಿಟ್ಟ ಹೂವು ಯಾರ ಕೈಯಿಂದ, ಯಾವ ಎತ್ತರದಿಂದ ಬಂತೆಂದು ನೋಡಲು ಅದು ಬೇಕಾಗಿಯೂ ಇಲ್ಲ.