ಒಂದು ಸೇತುವೆಗೆ ಎರಡು ಸಂಖ್ಯೆ

ಜನನಕ್ಷೆಯಲ್ಲಿ ಮಾರುಕಟ್ಟೆ ರಸ್ತೆಯ ರೈಲು ಸೇತುವೆಯ ಸಂಖ್ಯೆಯನ್ನು ಯಾರೋ ಮೂರನೆಯ ಬಾರಿ ತಿದ್ದಿದ್ದರು. ಟೀಚರ್ ನಲವತ್ತೇಳು ಎಂದು ಬರೆದದ್ದು ಮತ್ತೆ ನೂರಹನ್ನೆರಡಾಗಿತ್ತು.

ಅವಳ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಮೈ ಮಾತ್ರ ಬಿಸಿಯಾಯಿತು.

ಜನನಕ್ಷೆ ಯಾವ ಸರ್ಕಾರದ ಸೊತ್ತೂ ಅಲ್ಲ, ಯಾವ ಕಂಪನಿಯ ಸರಕೂ ಅಲ್ಲ. ಊರಿನವರೇ ಬಿಡುವಿನ ವೇಳೆಯಲ್ಲಿ ತಮ್ಮ ಬೀದಿ, ತಮ್ಮ ನಲ್ಲಿ, ತಾವು ಕೂರುವ ಬೆಂಚುಗಳನ್ನು ಒಂದೊಂದಾಗಿ ಗುರುತಿಸಿ ಅಂತರ್ಜಾಲದಲ್ಲಿ ಕಟ್ಟಿದ ನಕ್ಷೆ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು ಎಂಬುದೇ ಅದರ ಮೊದಲ ನಿಯಮ. ರೈಲು ಸೇತುವೆಗಳ ಸಂಖ್ಯೆ ತುಂಬುವ ಕೆಲಸವನ್ನು ಟೀಚರ್ ತಾನಾಗಿಯೇ ವಹಿಸಿಕೊಂಡಿದ್ದಳು. ಪ್ರತಿ ಸೇತುವೆಯ ಮೇಲೂ ಸಂಖ್ಯೆಯ ಒಂದು ತಗಡಿನ ಫಲಕವಿರುತ್ತದೆ. ಎತ್ತರದ ಲಾರಿಯೊಂದು ಸೇತುವೆಗೆ ಬಡಿದರೆ, ಕಂಡವರು ರೈಲ್ವೆಗೆ ಫೋನ್ ಮಾಡಿ ಹೇಳಬೇಕಾದದ್ದು ಆ ಸಂಖ್ಯೆಯನ್ನು. ಸಂಖ್ಯೆ ಸರಿಯಿದ್ದರೆ ಬರುವ ರೈಲು ನಿಲ್ಲುತ್ತದೆ. ತಪ್ಪಿದ್ದರೆ ಬೇರೆಲ್ಲೋ ಒಂದು ರೈಲು ನಿಲ್ಲುತ್ತದೆ; ನಿಲ್ಲಬೇಕಾದದ್ದು ಬರುತ್ತಲೇ ಇರುತ್ತದೆ.

ಇಂಥ ಕಡೆ ಸುಳ್ಳು ಬರೆಯುವವನನ್ನು ತಮಾಷೆಗಾರ ಎನ್ನುವವರು ಎನ್ನಲಿ. ಟೀಚರ್ ಅವನನ್ನು ಅಪರಾಧಿ ಎಂದೇ ಕರೆಯುತ್ತಿದ್ದಳು.

ನಕ್ಷೆಯಲ್ಲಿ ಅವಳ ಹೆಸರು ಕೆಂಪುಶಾಯಿ. ತಿದ್ದಿದವನ ಹೆಸರು ಬೆಳ್ಳಕ್ಕಿ. ತಿದ್ದುಪಡಿಯ ಕೆಳಗೆ ಟಿಪ್ಪಣಿ ಬರೆಯಲು ಜಾಗವಿರುತ್ತದೆ. ಅಲ್ಲಿ ಅವರ ಯುದ್ಧ ನಡೆದಿತ್ತು.

“ಫಲಕ ನೋಡಿ ಬರೆದಿದ್ದೇನೆ. ದಯವಿಟ್ಟು ಮುಟ್ಟಬೇಡಿ,” ಎಂದು ಅವಳು ಬರೆದಿದ್ದಳು.

“ನಾನೂ ಫಲಕ ನೋಡೇ ಬರೆದಿದ್ದೀನಿ. ದಯವಿಟ್ಟು ಬೈಬೇಡಿ,” ಎಂದು ಉತ್ತರ ಬಂದಿತ್ತು.

“ತಮಗೆ ಅಂಕಿಗಳ ಪರಿಚಯವಿದೆಯೇ?”

“ಮೂವತ್ತೆರಡರ ತನಕ ಚೆನ್ನಾಗಿದೆ. ಆಮೇಲೆ ಸ್ವಲ್ಪ ತಡವರಿಸ್ತೀನಿ.”

ಮೂವತ್ತೆರಡೇ ಏಕೆ? ಟೀಚರಿಗೆ ಅರ್ಥವಾಗಲಿಲ್ಲ. ಅರ್ಥವಾಗದ ಆ ಉತ್ತರವನ್ನು ತಾನೇಕೆ ಬಸ್ಸಿನಲ್ಲಿ ಎರಡು ಸಲ ತೆರೆದು ಓದಿದೆ ಎಂಬುದೂ ಅರ್ಥವಾಗಲಿಲ್ಲ.

ಇಂದಂತೂ ಹೊಸ ಟಿಪ್ಪಣಿಯಿತ್ತು: “ಶನಿವಾರ ಸಂಜೆ ಸೇತುವೆ ಹತ್ರ ಬನ್ನಿ. ಇಬ್ಬರೂ ಒಟ್ಟಿಗೆ ನೋಡೋಣ.”

ಅವಳು ಆ ಟಿಪ್ಪಣಿಗೆ ಉತ್ತರಿಸಲಿಲ್ಲ. ನಕ್ಷೆಯ ಮೇಲ್ವಿಚಾರಕರಿಗೆ ದೂರು ಬರೆದಳು. ಬೆಳ್ಳಕ್ಕಿ ಎಂಬಾತ ಬೇಕೆಂದೇ ಸುಳ್ಳು ತುಂಬುತ್ತಿದ್ದಾನೆ, ಆತನನ್ನು ಹೊರಗೆ ಹಾಕಬೇಕು ಎಂದು ಸ್ಪಷ್ಟವಾಗಿ, ಅಲ್ಪವಿರಾಮವೂ ತಪ್ಪದಂತೆ ಬರೆದಳು.

“ಯಾರಿಗೆ ಅಷ್ಟೊಂದು ಕೋಪದಲ್ಲಿ ಬರೀತಿದ್ದೀಯ?” ಅತ್ತಿಗೆ ಅಡುಗೆಮನೆಯಿಂದ ಇಣುಕಿದರು.

“ಒಬ್ಬ ಸುಳ್ಳುಗಾರನ ಬಗ್ಗೆ.”

“ಮುಖ ನೋಡಿದ್ದೀಯಾ?”

“ಇಲ್ಲ. ಶನಿವಾರ ಸೇತುವೆ ಹತ್ರ ಬನ್ನಿ ಅಂತ ಕರೆದಿದ್ದಾನೆ.”

“ಮುಖ ನೋಡದವನ ಮೇಲೆ ಮೂರು ವಾರದಿಂದ ಕೋಪ! ಮುಖ ನೋಡಿದ ಮೇಲೆ ನಿಮ್ಮಣ್ಣನ ಮೇಲೆ ನಂಗೆ ಮೂರು ದಿನಾನೂ ಕೋಪ ನಿಂತಿಲ್ಲಮ್ಮ.”

“ಅತ್ತಿಗೆ, ಇದು ಸಾರ್ವಜನಿಕ ವಿಷಯ.”

“ಹಾಗೇ ಇರಲಿ. ಶನಿವಾರ ಆ ನೀಲಿ ಅಂಗಿ ಹಾಕ್ಕೊಂಡು ಹೋಗು, ಸಾರ್ವಜನಿಕರಿಗೂ ಚೆನ್ನಾಗಿ ಕಾಣತ್ತೆ.”

ಶನಿವಾರ ಅವಳು ಬೂದು ಅಂಗಿ ತೊಟ್ಟಳು. ಬಾಗಿಲ ತನಕ ಹೋಗಿ, ಹಿಂದಿರುಗಿ, ನೀಲಿಯದನ್ನು ತೊಟ್ಟಳು. ಅದಕ್ಕೆ ಕಾರಣವೇನೆಂದು ತನ್ನನ್ನು ತಾನೇ ಕೇಳಿಕೊಳ್ಳುವ ಧೈರ್ಯ ಮಾತ್ರ ಅವಳಿಗೆ ಬರಲಿಲ್ಲ.

ಸೇತುವೆ ದಪ್ಪ ಇಟ್ಟಿಗೆಯ ಕಮಾನು. ಕೆಳಗೆ ರಸ್ತೆ, ಮೇಲೆ ಹಳಿ. ಕಮಾನಿನ ಈಚೆಗೆ ಒಬ್ಬ ಎತ್ತರದ ಮನುಷ್ಯ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು, ಫಲಕವನ್ನೇ ನೋಡುತ್ತಿದ್ದ. ಅವನ ಕಿವಿಗಳು ಸಂಜೆಯ ಬಿಸಿಲಿಗೆ ಕೆಂಪಗೆ ಹೊಳೆಯುತ್ತಿದ್ದವು.

“ನಲವತ್ತೇಳು,” ಎಂದಳು ಟೀಚರ್, ಹಿಂದಿನಿಂದ.

ಅವನು ಬೆಚ್ಚಿ ತಿರುಗಿದ. “ಕೆಂಪುಶಾಯಿ?”

“ಫಲಕದಲ್ಲಿ ಎಷ್ಟಿದೆ ಓದಿ.”

“ನಲವತ್ತೇಳೇ ಇದೆ.” ಅವನ ದನಿಯಲ್ಲಿ ನಿಜವಾದ ಗಲಿಬಿಲಿಯಿತ್ತು. “ಅದೇ ಅರ್ಥ ಆಗ್ತಿಲ್ಲ.”

“ಅರ್ಥ ಆಗೋಕೆ ಏನಿದೆ? ಇಷ್ಟು ದಿನ ಸುಳ್ಳು ಬರೆದಿರಿ. ಒಪ್ಪಿಕೊಳ್ಳಿ.”

“ಒಂದು ನಿಮಿಷ ಬನ್ನಿ ನನ್ನ ಜೊತೆ.”

“ಎಲ್ಲಿಗೆ?”

“ಆಚೆ ಕಡೆಗೆ. ಓಡಿಹೋಗೋಕೇನಲ್ಲ, ನಡ್ಕೊಂಡೇ ಹೋಗೋಣ.”

ಕಮಾನಿನ ಕೆಳಗೆ ತಂಪಾದ ಕತ್ತಲೆ. ಬಸ್ಸೊಂದು ಪಕ್ಕದಲ್ಲೇ ಹಾದಾಗ ಅವನು ಗೋಡೆಯ ಬದಿಯನ್ನು ಅವಳಿಗೆ ಬಿಟ್ಟು ರಸ್ತೆಯ ಬದಿಗೆ ಸರಿದ. ತೋಳಿಗೆ ತೋಳು ತಗುಲಲಿಲ್ಲ, ಆದರೆ ತಗುಲದಂತೆ ಅವನು ವಹಿಸಿದ ಎಚ್ಚರಿಕೆ ಅವಳಿಗೆ ತಗುಲಿತು.

ಆಚೆ ಬದಿಗೆ ಬಂದು ಇಬ್ಬರೂ ತಿರುಗಿ ನಿಂತರು. ಅಲ್ಲೂ ಒಂದು ಫಲಕ. ಅದರಲ್ಲಿ ದಪ್ಪ ಅಂಕಿಗಳಲ್ಲಿ ನೂರಹನ್ನೆರಡು ಎಂದಿತ್ತು.

ಟೀಚರ್ ಕಣ್ಣುಜ್ಜಿಕೊಂಡಳು. ಪ್ರತಿದಿನ ಶಾಲೆಗೆ ಹೋಗುವಾಗ ಈ ಸೇತುವೆಯ ಕೆಳಗೆ ಹಾಯುತ್ತಿದ್ದಳು. ಒಂದು ದಿನವೂ ಹಿಂದಿರುಗಿ ನೋಡಿರಲಿಲ್ಲ; ಸಂಜೆಯ ಬಸ್ಸು ಬೇರೆ ದಾರಿಯಲ್ಲಿ ಬರುತ್ತಿತ್ತು.

“ಇದು... ನೀವೇ ಹಾಕಿಸಿದ್ರಾ?”

“ನಾನು ಹಲ್ಲು ಕಟ್ತೀನಿ ಅಷ್ಟೇ. ಬೋರ್ಡ್ ಕಟ್ಟಲ್ಲ.”

“ಹಲ್ಲು?”

“ಡೆಂಟಿಸ್ಟು. ಅದೋ, ಮೂಲೆಯಲ್ಲಿ ಕಾಣ್ತಿದೆಯಲ್ಲ ಹಸಿರು ಬಾಗಿಲು, ಅದೇ ಕ್ಲಿನಿಕ್ಕು. ನಾನು ಈ ಕಡೆಯಿಂದ ಬರೋನು. ಮೂವತ್ತೆರಡರ ತನಕ ಲೆಕ್ಕ ಬರತ್ತೆ ಅಂದಿದ್ದೆನಲ್ಲ.”

ನಗಬಾರದೆಂದು ಅವಳು ತುಟಿ ಬಿಗಿಹಿಡಿದಳು. ಅವನು ವೃತ್ತಿಯ ಅಭ್ಯಾಸದಿಂದಲೋ ಏನೋ ಆ ತುಟಿಗಳನ್ನೇ ಗಮನಿಸಿದ. ಮರುಕ್ಷಣ ನೋಟ ಕಿತ್ತು ಸೇತುವೆಯ ಕಡೆ ತಿರುಗಿಸಿದ. ಕಿವಿಗಳ ಕೆಂಪು ಈಗ ಬಿಸಿಲಿನದಾಗಿರಲಿಲ್ಲ.

“ಒಂದು ಸೇತುವೆಗೆ ಎರಡು ಸಂಖ್ಯೆ ಇರೋಕೆ ಸಾಧ್ಯವೇ ಇಲ್ಲ,” ಎಂದಳು ಟೀಚರ್. “ಎರಡರಲ್ಲಿ ಒಂದು ತಪ್ಪಿರಲೇಬೇಕು.”

“ಯಾಕಿರಬೇಕು? ನಂಗೆ ಎಡಕ್ಕಿರೋ ಹಲ್ಲು ಪೇಷಂಟಿಗೆ ಬಲಕ್ಕಿರತ್ತೆ. ಇಬ್ಬರೂ ಸುಳ್ಳು ಹೇಳ್ತಿಲ್ಲ.”

“ಹಲ್ಲು ಒಂದೇ ತಾನೇ?”

“ಹೌದು, ಹಲ್ಲು ಒಂದೇ.” ಅವನು ತಲೆ ಕೆರೆದುಕೊಂಡ. “ಹಾಗಾದ್ರೆ ಉದಾಹರಣೆ ಸರಿಹೋಗಲಿಲ್ಲ. ಒಳಗೆ ಹೋಗಿ ನೋಡೋಣ ಬನ್ನಿ.”

ಮತ್ತೆ ಕಮಾನಿನ ಕೆಳಗೆ. ಅವನು ಬಾಯಿಯೊಳಗೆ ನೋಡುವವನಂತೆ ಮೇಲೆ ನೋಡುತ್ತ, ಹಿಂದೆ ಹಿಂದೆ ನಡೆಯುತ್ತ ಒಂದೆಡೆ ನಿಂತುಬಿಟ್ಟ. “ಇಲ್ಲಿ ನಿಂತ್ಕೊಳ್ಳಿ. ನನ್ನ ಬೆರಳಿನ ನೇರಕ್ಕೆ ನೋಡಿ.”

ಅವಳು ಅವನ ಪಕ್ಕದಲ್ಲಿ ನಿಂತು, ಚಾಚಿದ ತೋಳಿನ ನೇರಕ್ಕೆ ನೋಡಿದಳು. ಕತ್ತಲೆಯ ಮಾಡಿನ ನಡುವೆ ಒಂದು ಕೂದಲೆಳೆಯಷ್ಟು ಆಕಾಶ. ಈ ಗೋಡೆಯಿಂದ ಆ ಗೋಡೆಯವರೆಗೆ ನೇರವಾದ ಒಂದು ಸೀಳು. ಅದರ ಆಚೆಯ ಇಟ್ಟಿಗೆ ಹಳೆಯದು, ಕಪ್ಪು. ಈಚೆಯದು ಹೊಸದು, ಕೆಂಪು.

“ಎರಡು ಸೇತುವೆ,” ಎಂದಳು ಅವಳು ಪಿಸುದನಿಯಲ್ಲಿ.

“ಎರಡು ಲೈನು. ಎರಡು ಸೇತುವೆ. ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ನಕ್ಷೆಯಲ್ಲಿ ಯಾರೋ ಒಂದೇ ಅಂತ ಗೀಚಿದ್ದಾರೆ.”

ಟೀಚರಿಗೆ ಕಾಲ ಕೆಳಗಿನ ನೆಲ ಸ್ವಲ್ಪ ಸರಿದಂತಾಯಿತು. ಉತ್ತರ ಒಂದೇ ಇರಬೇಕು. ಇಬ್ಬರು ಬೇರೆ ಬೇರೆ ಉತ್ತರ ಬರೆದರೆ ಒಬ್ಬರಾದರೂ ತಪ್ಪಿರಬೇಕು. ಈ ನಂಬಿಕೆಯ ಮೇಲೆ ಅವಳು ಎಷ್ಟು ಮಕ್ಕಳ ಉತ್ತರಗಳನ್ನು ತಿದ್ದಿದ್ದಳೋ! ಇಲ್ಲಿ ಇಬ್ಬರೂ ಸರಿ. ಯಾರೂ ಸುಳ್ಳಾಡಿಲ್ಲ. ಹಾಗಾದರೆ ಮೂರು ವಾರದ ಈ ಕೋಪವನ್ನು ಇನ್ನು ಎಲ್ಲಿಡಬೇಕು?

ಅವನು ನಗುತ್ತಿದ್ದ. ಗೆದ್ದ ನಗುವಲ್ಲ, ಹಂಚಿಕೊಳ್ಳುವ ನಗು. ಆ ನಗುವನ್ನು ನೋಡುತ್ತಿರುವಾಗಲೇ ಅವಳ ಫೋನು ಕಂಪಿಸಿತು.

“ತಮ್ಮ ದೂರಿನ ಮೇಲೆ ನಂಬಿಕೆಯಿಟ್ಟು ಬೆಳ್ಳಕ್ಕಿ ಎಂಬ ಸದಸ್ಯರನ್ನು ಹೊರಗಿಡಲಾಗಿದೆ. ಅವರು ಈವರೆಗೆ ಬರೆದುದೆಲ್ಲವನ್ನೂ ಅಳಿಸಲಾಗಿದೆ.”

ಹೇಳದಿದ್ದರೆ ಏನಾದೀತು? ಇಂದು ರಾತ್ರಿಯೇ ಸದ್ದಿಲ್ಲದೆ ದೂರು ಹಿಂತೆಗೆದರೆ, ಈ ನಗು ಹೀಗೆಯೇ ಉಳಿದೀತು. ಆ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅನ್ಯಾಯಕ್ಕಿಂತ ಕೀಳಾದದ್ದು, ಅನ್ಯಾಯ ಮಾಡಿ ಒಳ್ಳೆಯವರಂತೆ ನಿಲ್ಲುವುದು.

ಅವಳು ಫೋನನ್ನು ಅವನ ಕೈಗಿತ್ತಳು. “ಓದಿ. ದೂರು ಕೊಟ್ಟಿದ್ದು ನಾನು. ಇಲ್ಲಿಗೆ ಬರೋ ಮುಂಚೆನೇ ಕೊಟ್ಟಿದ್ದೆ.”

ಅವನು ಓದಿದ. ನಗು ಮೆಲ್ಲಗೆ ಆರಿತು.

“ಎಲ್ಲಾನೂ ಅಳಿಸಿಬಿಟ್ರಾ?”

“ನಾನು ಈಗಲೇ...”

“ನನ್ನ ಅಮ್ಮ ಗಾಲಿಕುರ್ಚಿಯಲ್ಲಿ ಓಡಾಡ್ತಾರೆ. ಊರಲ್ಲಿ ಯಾವ ಬಾಗಿಲಿಗೆ ಮೆಟ್ಟಿಲಿಲ್ಲ, ಯಾವ ಫುಟ್‌ಪಾತ್ ಇಳಿಜಾರಾಗಿದೆ ಅಂತ ಎಲ್ಲಾ ಅಳೆದು ಹಾಕಿದ್ದೆ. ಅಮ್ಮ ಒಬ್ಬರಿಗೇ ಅಲ್ಲ, ಅದನ್ನ ನಂಬ್ಕೊಂಡು ಎಷ್ಟೋ ಜನ ಮನೆಯಿಂದ ಹೊರಡ್ತಾರೆ.” ಅವನು ಫೋನನ್ನು ಮರಳಿಸಿದ. ಬೆರಳು ತಾಗದಂತೆ ಮರಳಿಸಿದ. “ಬರ್ತೀನಿ, ಕೆಂಪುಶಾಯಿ.”

ಅವನು ಬೈದಿದ್ದರೆ ಅವಳು ಉತ್ತರಿಸಬಹುದಿತ್ತು. ಬೈಯದೇ ಹೋದವನಿಗೆ ಏನು ಹೇಳಬೇಕು?

ಮನೆಗೆ ಬಂದವಳೇ ಅವಳು ಸೇತುವೆಯನ್ನು ಎರಡಾಗಿ ಬರೆದಳು, ಎರಡಕ್ಕೂ ಅದರದರ ಸಂಖ್ಯೆ ಕೊಟ್ಟಳು. ಅನಂತರ ಎಲ್ಲರೂ ಓದುವ ಪುಟದಲ್ಲಿ ಬರೆದಳು: “ಬೆಳ್ಳಕ್ಕಿ ಬರೆದದ್ದು ಸತ್ಯ. ವಿಚಾರಿಸದೆ ದೂರಿದ್ದು ನಾನು. ಅವರ ಕೆಲಸವನ್ನೆಲ್ಲ ಮರಳಿಸಿ. ಅವರಿಗೆ ಕೊಟ್ಟ ಶಿಕ್ಷೆಯನ್ನು ನನಗೆ ಕೊಡಿ.”

ಮೊದಲನೆಯದನ್ನು ಮೇಲ್ವಿಚಾರಕರು ಅಂದೇ ಮಾಡಿದರು. ಎರಡನೆಯದಕ್ಕೆ, ಕೇಳಿದವರಿಗೆಲ್ಲ ಶಿಕ್ಷೆ ಕೊಡುವ ಪದ್ಧತಿ ತಮ್ಮಲ್ಲಿಲ್ಲ ಎಂದರು.

ವಾರ ಕಳೆದರೂ ಬೆಳ್ಳಕ್ಕಿಯಿಂದ ಮಾತ್ರ ಒಂದಕ್ಷರವೂ ಬರಲಿಲ್ಲ. ಟೀಚರ್ ತರಗತಿಯಲ್ಲಿ ತಾನೇ ಬರೆದ ಲೆಕ್ಕವನ್ನು ತಪ್ಪಾಗಿ ಬಿಡಿಸಿದಳು. ಊಟಕ್ಕೆ ಕುಳಿತು ನೀರಿನ ಲೋಟವನ್ನೇ ನೋಡಿದಳು. ಇದು ಪಶ್ಚಾತ್ತಾಪವೇ? ಪಶ್ಚಾತ್ತಾಪಕ್ಕೆ ಕೆಂಪಗಿನ ಕಿವಿಗಳೇಕೆ ನೆನಪಾಗಬೇಕು?

“ಕ್ಷಮೆ ಕೇಳಿದ್ದೀನಿ ಅತ್ತಿಗೆ. ಇನ್ನೇನು ಮಾಡಲಿ?”

“ಊರಿಗೆಲ್ಲ ಕೇಳೋ ಹಾಗೆ ಕೇಳಿದ್ದೀಯ. ಅವನ ಹತ್ರ ಕೇಳಿದ್ದೀಯಾ?”

ಮರುದಿನ ಅವಳು ಹಸಿರು ಬಾಗಿಲನ್ನು ತಳ್ಳಿದಳು. ಲವಂಗದ ವಾಸನೆ. ಕೌಂಟರಿನ ಅಕ್ಕ ಏನೂ ಕೇಳದೆ, ಕೆನ್ನೆ ಊದಿದ ಇಬ್ಬರ ನಡುವೆ ಕೂರಿಸಿದರು. ಸರದಿ ಬಂದಾಗ ಒಳಗೆ ಹೋದಳು.

ಡಾಕ್ಟರ್ ಕೈ ತೊಳೆಯುತ್ತಿದ್ದ. ತಿರುಗಿ ನೋಡಿ, ಕೈ ಒರೆಸುವುದನ್ನೇ ಮರೆತ.

“ಹಲ್ಲು ನೋವಾ?”

“ಇಲ್ಲ. ನಾನು ಹೇಳ್ಬೇಕಾಗಿರೋದು...”

“ಕೂತ್ಕೊಳ್ಳಿ.”

“ನಂಗೆ ಹಲ್ಲು ನೋವಿಲ್ಲ ಡಾಕ್ಟ್ರೇ.”

“ಗೊತ್ತು. ನೀವು ಶುರು ಮಾಡಿದ್ರೆ ನಂಗೆ ಮಾತಾಡೋಕೆ ಸಿಗಲ್ಲ. ಕೂತ್ಕೊಂಡು ಬಾಯಿ ತೆಗೀರಿ.”

ಯಾವ ನ್ಯಾಯದಲ್ಲಿ ಒಪ್ಪಿದಳೋ, ಕುರ್ಚಿ ಹಿಂದಕ್ಕೆ ಬಾಗಿತು. ಪುಟ್ಟ ಕನ್ನಡಿ ಬಾಯೊಳಗೆ ಬಂತು. ದೀಪದ ಬೆಳಕಿನಲ್ಲಿ ಅವನ ಕಣ್ಣುಗಳು ತೀರ ಹತ್ತಿರದಲ್ಲಿದ್ದವು, ತೀರ ಗಂಭೀರವಾಗಿದ್ದವು.

“ನಂಗೆ ತುಂಬಾ ಬೇಜಾರಾಯ್ತು,” ಎಂದ ಅವನು. “ಒಂದು ಸಲ ಕೇಳಿದ್ರೆ ಸಾಕಿತ್ತು. ಕೇಳಲಿಲ್ಲ.”

“ಆ,” ಎಂದಳು ಅವಳು. ಅಷ್ಟೇ ಸಾಧ್ಯವಿತ್ತು.

“ನೀವು ಬರೆದದ್ದು ಓದಿದೆ. ಅಮ್ಮನೂ ಓದಿದ್ರು. ‘ಇಷ್ಟು ಜೋರಾಗಿ ತಪ್ಪೊಪ್ಪಿಕೊಳ್ಳೋರನ್ನ ನಾನು ನೋಡೇ ಇಲ್ಲ, ಯಾರಪ್ಪ ಈ ಹುಡುಗಿ’ ಅಂದ್ರು. ನಾನು ಸುಮ್ಮನಿದ್ದೆ. ಯಾಕಂದ್ರೆ ನಂದೂ ಒಂದು ತಪ್ಪಿದೆ.” ಅವನು ಕನ್ನಡಿಯನ್ನು ಇನ್ನೊಂದು ಹಲ್ಲಿಗೆ ಸರಿಸಿದ. “ಮೂರನೇ ಸಲ ನಂಬರ್ ಬದಲಾಯಿಸಿದ್ದು ನಂಬರಿಗೋಸ್ಕರ ಅಲ್ಲ. ನೀವು ಮತ್ತೆ ಬೈದು ಬರೀತೀರಿ ಅಂತ. ಒಬ್ಬೊಬ್ಬ ಪೇಷಂಟ್ ಎದ್ದು ಹೋದಾಗ್ಲೂ ಫೋನ್ ನೋಡ್ತಿದ್ದೆ.”

ಅವಳು ಕನ್ನಡಿಯನ್ನು ಕೈಯಿಂದ ಆಚೆ ತಳ್ಳಿ ನೆಟ್ಟಗೆ ಕುಳಿತಳು. “ಅದು ತಪ್ಪು! ಅದು ರೈಲಿನ ವಿಷಯ! ಜನರ ಪ್ರಾಣದ ವಿಷಯ! ನಿಮ್ಮ... ನಿಮ್ಮ...”

“ನನ್ನ ಏನು?”

“ಶಬ್ದ ಸಿಗ್ತಿಲ್ಲ.”

“ನಿಮಗಾ?”

“ನಂಗೇ.” ಅವಳ ದನಿ ಇಳಿಯಿತು. “ಕ್ಷಮೆ ಕೇಳೋಕೆ ಬಂದೆ, ಈಗ ಕೋಪ ಬರ್ತಿದೆ. ಕೋಪದ ಜೊತೆ ನಗು ಬರ್ತಿದೆ. ಯಾವುದು ಸರಿ ಅಂತ ತಿಳೀತಿಲ್ಲ. ಆದ್ರೆ ನೀವು ಒಂದು ವಾರ ಏನೂ ಬರೀಲಿಲ್ಲ, ಅದನ್ನ ನಂಗೆ ತಡ್ಕೊಳ್ಳೋಕಾಗಲಿಲ್ಲ. ನಿಮ್ಮನ್ನ ನೋಡ್ಬೇಕು ಅನ್ನಿಸ್ತು. ಬಂದೆ. ಅಷ್ಟು ಮಾತ್ರ ಖಂಡಿತ.”

ಅವನು ಅವಳ ಕೈ ಹಿಡಿದ. ಅವನ ಕೈ ಇನ್ನೂ ಒದ್ದೆಯಾಗಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ.

ಬಾಗಿಲು ತೆರೆಯಿತು. ಕೌಂಟರಿನ ಅಕ್ಕ ಹಿಡಿದ ಕೈಗಳನ್ನು ನೋಡಿ, ಚಾವಣಿಯನ್ನು ನೋಡಿ, ಗಂಟಲು ಸರಿಮಾಡಿಕೊಂಡರು. “ಡಾಕ್ಟ್ರೇ, ಹೊರಗೆ ಕೆನ್ನೆ ಊದಿಸ್ಕೊಂಡು ಕೂತಿದ್ದಾರೆ. ಇವರು ಮತ್ತೆ ಬರಬೇಕಾ?”

“ಬರಬೇಕು. ನಾಳೆ ಸಂಜೆ.”

“ಏನಕ್ಕೆ ಅಂತ ಬರ್ಕೊಳ್ಳಲಿ?”

“ಹಲ್ಲು ಕ್ಲೀನಿಂಗ್ ಅಂತ ಬರ್ಕೊಳ್ಳಿ,” ಎಂದ ಅವನು ಅವಸರದಲ್ಲಿ.

“ಬೇಡ,” ಎಂದಳು ಟೀಚರ್. ಕೆನ್ನೆ ಉರಿಯುತ್ತಿತ್ತು, ಆದರೆ ದನಿ ತರಗತಿಯ ಕೊನೆಯ ಬೆಂಚಿಗೂ ಕೇಳಿಸುವಷ್ಟು ಸ್ಪಷ್ಟವಾಗಿತ್ತು. “ಸುಳ್ಳು ಬರೀಬೇಡಿ ಅಕ್ಕ. ಡಾಕ್ಟರನ್ನ ನೋಡೋಕೆ ಅಂತ ಬರೀರಿ.”