ಅವಳ ಅಡುಗೆಮನೆಯಲ್ಲೊಬ್ಬ ಗಂಡಸು

"ಯಾರಾದ್ರೂ ಇದ್ದೀರಾ... ಮೇಲೆ ಮಗು ಒಂದೇ ಇದೆ!"

ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟಿನ ಜಾಲರಿ ಬಾಗಿಲನ್ನು ಹಿಡಿದು ಅವಳು ಅಲುಗಾಡಿಸಿದಳು. ಇನ್ನೊಂದು ಕೈಯಲ್ಲಿ ಬ್ರೆಡ್ಡಿನ ಪೊಟ್ಟಣವಿತ್ತು. ಹೀಗೆ ಹೋಗಿ ಹಾಗೆ ಬರುತ್ತೇನೆಂದು ಒಲೆಯ ಮೇಲೆ ಹಾಲಿಟ್ಟು, ಆರು ವರ್ಷದ ಮಗಳನ್ನು ಒಳಗೆ ಬಿಟ್ಟು ಇಳಿದುಬಂದಿದ್ದಳು.

ಕೂಗು ಕೇಳಿ ಎದುರುಮನೆಯಾಕೆ ಗಂಡನ ಜೊತೆ ಮೆಟ್ಟಿಲಿಗೆ ಬಂದಳು. ಬಗ್ಗಿ ನೋಡಿ, ಒಲೆ ಹಚ್ಚಿಟ್ಟು ಮಗುವನ್ನು ಒಂಟಿ ಬಿಟ್ಟು ಬರುವ ತಾಯಂದಿರೂ ಇರುತ್ತಾರಾ ಎಂದು ಗಂಡನನ್ನು ಕೇಳಿದಳು. ಗಂಡ ಲೊಚಗುಟ್ಟಿದ. ಒಲೆ ಆರಿಸಬೇಕೆಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ, ಪಾಪ.

ಅಷ್ಟರಲ್ಲಿ ಮೇಲಿನಿಂದ ಒಬ್ಬ ದಡದಡನೆ ಇಳಿದು ಬಂದ. ಕೈತುಂಬ ಗ್ರೀಸು. ಎದೆಯ ಮೇಲೆ, ಹಳೆಯ ಶಾಲಿನಲ್ಲಿ ಬಿಗಿದು ಕಟ್ಟಿದ ಒಂದು ಹಸುಗೂಸು!

"ತಪ್ಪಾಯ್ತು, ಒಳಗೆ ಜನ ಇದ್ದಾರೆ ಅಂತ ಗೊತ್ತಾಗ್ಲಿಲ್ಲ. ಮೇಲೆ ತಂತಿ ಬಿಚ್ಚಿಟ್ಟಿದ್ದೀನಿ. ಜೋಡಿಸೋಕೆ ಸ್ವಲ್ಪ ಹೊತ್ತು ಬೇಕು."

"ನಾನು ಇಲ್ಲೇ ಇರ್ತೀನಿ. ಮೊದ್ಲು ಒಲೆ... ಮೂರನೇ ಮಹಡಿ, ನೀಲಿ ಬಾಗಿಲು. ಆದ್ರೆ ಅವಳು ಬಾಗಿಲು ತೆಗೆಯಲ್ಲ. ಯಾರು ಕರೆದ್ರೂ ತೆಗೀಬೇಡ ಅಂದಿದ್ದೀನಿ."

ಅವನು ಮರುಮಾತಾಡದೆ ಮೇಲಕ್ಕೆ ಓಡಿದ. ಅವಳು ಜಾಲರಿಗೆ ಹಣೆ ಒತ್ತಿ ನಿಂತಳು. ಒಮ್ಮೆ ಸೀದ ವಾಸನೆ ಬಂತು. ಕಣ್ಣಮುಂದೆ ಏನೇನೋ ಬಂದು ಹೋಯಿತು.

ಕೊನೆಗೆ ಲಿಫ್ಟು ಕುಲುಕಿ ಮೇಲೇರಿತು. ಅವಳು ಎದ್ದೆನೋ ಬಿದ್ದೆನೋ ಎಂದು ಓಡಿದಳು. ನೀಲಿ ಬಾಗಿಲು ಮುಚ್ಚಿಯೇ ಇತ್ತು. ಒಳಗಿನಿಂದ ಮಗಳ ದನಿ.

"ಅಮ್ಮಾ, ಲಿಫ್ಟ್ ಮಾಮ ಹೊರಗೇ ಕೂತು ಹೇಳಿಕೊಟ್ರು. ಒಲೆ ತಿರುಪು ಹಿಂದಕ್ಕೆ ತಿರುಗಿಸಿದೆ, ಬೆಂಕಿ ಹೋಯ್ತು. ಬಾಗಿಲು ಮಾತ್ರ ನಿಮ್ಮಮ್ಮ ಬರೋವರೆಗೂ ತೆಗೀಬೇಡ, ನನಗೂ ತೆಗೀಬೇಡ ಅಂದ್ರು."

ಅವಳು ಹೊಸ್ತಿಲಲ್ಲೇ ಕುಸಿದು ಕೂತು ಅತ್ತಳು. ಮೆಟ್ಟಿಲ ಬಳಿ ನಿಂತಿದ್ದ ಅವನು, ಬೈಯುವುದಿದ್ದರೆ ಬೈದುಬಿಡಿ ಎಂಬಂತೆ ತಲೆ ತಗ್ಗಿಸಿದ್ದ.

"ನಿಮ್ಮ ಪಾಪು ಒದ್ದೆ ಮಾಡ್ಕೊಂಡಿದೆ," ಎಂದಳು ಅವಳು ಮೂಗು ಒರೆಸಿಕೊಳ್ಳುತ್ತ. "ಒಳಗೆ ಬನ್ನಿ. ಇವಳ ಹಳೇ ಬಟ್ಟೆ ಇದೆ."

ಶುರುವಾದದ್ದು ಹಾಗೆ.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಗಂಡ ತೀರಿಕೊಂಡು ಎರಡು ವರ್ಷ. ಅವನು ಲಿಫ್ಟ್ ರಿಪೇರಿಯವನು. ಹೆಂಡತಿ ಹೆರಿಗೆಯಾದ ಮೇಲೆ ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ಇಬ್ಬರಿಗೂ ಬಂದದ್ದು ಒಂದೇ ದುಃಖ. ಆದರೆ ಬೀದಿಯ ಲೆಕ್ಕವೇ ಬೇರೆ. ಅವನ ಬಾಗಿಲಿಗೆ ಮುಚ್ಚಿದ ಡಬ್ಬಿಯಲ್ಲಿ ಊಟ ಬರುತ್ತಿತ್ತು, ಗಂಡಸು ಒಬ್ಬನೇ ಮಗು ಸಾಕುತ್ತಾನಲ್ಲ ಎಂಬ ಮೆಚ್ಚುಗೆಯ ಜೊತೆಗೆ. ಅವಳ ಬಾಗಿಲಿಗೆ ಬರುತ್ತಿದ್ದದ್ದು ಪ್ರಶ್ನೆಗಳು. ಯಾಕೆ ತಡವಾಯಿತು, ಮನೆತನಕ ಬಿಟ್ಟು ಹೋದವರು ಯಾರು, ಈ ವಯಸ್ಸಿನಲ್ಲಿ ಈ ಬಣ್ಣದ ಬಟ್ಟೆ ಯಾಕೆ... ಅದೇ ಮಗು ಸಾಕುವುದು ಅವಳು ಮಾಡಿದರೆ ಯಾರೂ ಮೆಚ್ಚಬೇಕಾಗಿರಲಿಲ್ಲ!

ನೋಡನೋಡುತ್ತ ಎರಡು ಮನೆಯ ಕೆಲಸ ಒಂದಾಯಿತು. ಬೆಳಿಗ್ಗೆ ಅವನು ಪಾಪುವನ್ನು ಇವಳ ಮನೆಯಲ್ಲಿ ಬಿಟ್ಟು ಹೋಗುವನು. ಇವಳು ಸ್ನಾನ ಮಾಡಿಸಿ, ತಿನ್ನಿಸಿ, ಅಂಗಡಿಗೆ ಹೋಗುವ ದಾರಿಯಲ್ಲಿ ಶಿಶುವಿಹಾರಕ್ಕೆ ಬಿಡುವಳು. ಸಂಜೆ ಎರಡೂ ಮಕ್ಕಳನ್ನು ಕರೆತರುವುದು ಅವನ ಪಾಲು, ತರಕಾರಿ ಹೆಚ್ಚುವುದು ಅವನ ಪಾಲು, ಒಗ್ಗರಣೆ ಇವಳದ್ದು. ಪಾತ್ರೆ ಮಾತ್ರ ಯಾವಾಗಲೂ ಅವನೇ.

ಒಂದು ದಿನ, ನಿಮ್ಮ ಸಹಾಯ ಯಾವ ಜನ್ಮಕ್ಕೆ ತೀರಿಸಲಿ ಎಂದಳು. ಅವನಿಗೆ ಸಿಟ್ಟೇ ಬಂತು.

"ಸಹಾಯ ಅನ್ಬೇಡಿ. ನಾನೂ ಉಂಡಿದ್ದೀನಲ್ಲ ಇದೇ ತಟ್ಟೇಲಿ."

ಅವಳು ಬೆನ್ನು ತಿರುಗಿಸಿ ನಿಂತಳು. ಅವಳ ಗಂಡ ಕೆಟ್ಟವನಾಗಿರಲಿಲ್ಲ. ಆದರೆ ಉಂಡ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋಗುತ್ತಿದ್ದ. ಅದು ತಪ್ಪೆಂದು ಅವನಿಗೂ ಗೊತ್ತಿರಲಿಲ್ಲ, ಇವಳಿಗೂ ಇಂಥ ಮಾತು ಕೇಳುವ ತನಕ ಗೊತ್ತಿರಲಿಲ್ಲ.

ಬಟಾಣಿಯಂತೆ ಮನೆತುಂಬ ಉರುಳಾಡುವ ಮಗಳಿಗೆ ಅವನೇ ಬಟಾಣಿ ಎಂದು ಹೆಸರಿಟ್ಟ. ಶೂ ಲೇಸು ಕಟ್ಟುವುದನ್ನು ಕಲಿಸಿದ, ಲಿಫ್ಟಿನ ಹಗ್ಗಕ್ಕೆ ಹಾಕುವಂಥ ಗಂಟು, ಎಳೆದಷ್ಟೂ ಬಿಗಿ.

ಅವನು ಒಮ್ಮೆ ಲೋಟ ಜಾಲಿಸುತ್ತ, ತಿರುಗಿ ನೋಡದೆಯೇ, "ಎರಡು ಮನೆ ಯಾಕೆ ಬೇಕು ಅಂತ ಅನಿಸುತ್ತೆ ಒಂದೊಂದ್ಸಲ," ಎಂದ.

ನನಗೂ ಅನಿಸುತ್ತೆ... ನಾಲಿಗೆ ತುದಿಯವರೆಗೆ ಬಂದ ಮಾತನ್ನು ನುಂಗಿದಳು. ಅವಳಿಗೆ ಭಯವಿತ್ತು. ಗಂಡ ಸತ್ತ ತಿಂಗಳಲ್ಲೇ ನಾದಿನಿ ಎದುರಿಗೆ ಕೂತು ಹೇಳಿದ್ದಳು, ನಿನ್ನ ಬಗ್ಗೆ ಒಂದು ಮಾತು ಕಿವಿಗೆ ಬಿದ್ದರೂ ಸಾಕು, ಮಗು ನಮ್ಮ ಮನೆಗೆ, ವಕೀಲರನ್ನು ಕೇಳಿಟ್ಟಿದ್ದೇನೆ ಎಂದು.

ಆ ಮಾತು ಅತ್ತೆಯ ಕಿವಿಗೆ ಬಿದ್ದಿತು. ಬೀಳಿಸಿದವಳು ಎದುರುಮನೆಯಾಕೆ.

ರಜೆಯ ದಿನ ಮಧ್ಯಾಹ್ನ ಅವಳು ಬಾಗಿಲು ತೆಗೆದರೆ ಅತ್ತೆ ನಿಂತಿದ್ದರು, ಕೈಯಲ್ಲಿ ಬಟ್ಟೆಯ ಚೀಲ. ಅವರ ಕಣ್ಣು ಸೀದಾ ಅಡುಗೆಮನೆಗೆ ಹೋಯಿತು. ಅಲ್ಲಿ ಅವನು ಅಂಗಿಯ ತೋಳು ಮಡಚಿ ಬಾಣಲೆ ಉಜ್ಜುತ್ತಿದ್ದ.

"ಯಾರೇ ಅದು?"

ನಾದಿನಿ, ವಕೀಲ, ಬಟಾಣಿಯ ಖಾಲಿ ಹಾಸಿಗೆ. ಎಲ್ಲವೂ ಒಟ್ಟಿಗೆ ಅವಳ ತಲೆಯೊಳಗೆ ನುಗ್ಗಿದವು.

"ಕೆಲಸದವನು ಅತ್ತೆ. ಪಾತ್ರೆ ತೊಳೆಯೋಕೆ ಬರ್ತಾನೆ."

ಬಾಣಲೆಯ ಸದ್ದು ನಿಂತಿತು. ಬಟಾಣಿ ಬಾಯಿ ತೆರೆದಳು. ಅಮ್ಮ ಕಣ್ಣಿನಲ್ಲೇ ಗದರಿದಳು. ಬಟಾಣಿ ಬಾಯಿ ಮುಚ್ಚಿಕೊಂಡಳು.

ಅತ್ತೆ ತಕ್ಷಣ ನಂಬಿದರು. ನಂಬದೆ ಏನು? ಗಂಡಸೊಬ್ಬ ಪಾತ್ರೆ ಉಜ್ಜುತ್ತಿದ್ದಾನೆಂದರೆ ಸಂಬಳಕ್ಕೇ ಇರಬೇಕು, ಅಕ್ಕರೆಗೆ ಯಾರಾದರೂ ಉಜ್ಜುತ್ತಾರಾ! ಎದುರುಮನೆಯಾಕೆ ಕಡ್ಡಿಯನ್ನು ಗುಡ್ಡ ಮಾಡಿದ್ದಾಳೆಂದು ನಿರಾಳವಾಗಿ ಕೂತರು. ಚಹಾ ಕುಡಿದು ಲೋಟವನ್ನು ಅವನತ್ತ ಚಾಚಿದರು. ಇದನ್ನೂ ತೊಳೆದಿಡಪ್ಪ ಎಂದರು.

ಅವನು ತೊಳೆದ. ಒರೆಸಿ ಬೋರಲು ಹಾಕಿದ. ನೆಲದ ಮೇಲಿದ್ದ ಪಾಪುವನ್ನು ಎತ್ತಿ ಶಾಲಿನಲ್ಲಿ ಕಟ್ಟಿಕೊಂಡ. ಬಾಗಿಲ ಬಳಿ ಅವಳ ಮುಂದೆ ನಿಂತ.

"ನಾಳೆ ಎಷ್ಟು ಹೊತ್ತಿಗೆ ಬರ್ಲಿ, ಅಮ್ಮಾವ್ರೇ?"

ಆ ಕಣ್ಣುಗಳನ್ನು ಅವಳು ನೋಡಲಾರದೆ ಹೋದಳು. ನನ್ನನ್ನು ಉಳಿಸಲಿಕ್ಕೇ ನಾಟಕವಾಡುತ್ತಿದ್ದಾನೆ, ಅರ್ಥ ಮಾಡಿಕೊಂಡಿದ್ದಾನೆ, ನಾಳೆ ಎಲ್ಲ ಹೇಳಿದರಾಯಿತು... ಹೀಗೆ ತನಗೆ ತಾನೇ ಹೇಳಿಕೊಂಡಳು.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ರಿಂಗಾಗಿ ರಿಂಗಾಗಿ ನಿಂತಿತು.

ಅತ್ತೆ ಮಾತ್ರ ಉಳಿದರು, ಮೊಮ್ಮಗಳ ಜೊತೆ ನಾಲ್ಕು ದಿನ ಇರುತ್ತೇನೆಂದು. ಸೊಂಟನೋವಿನ ಜೀವ, ಒಂದು ಕಡ್ಡಿ ಎತ್ತಿಡಲಾರರು. ಅವಳು ಅಂಗಡಿಯಿಂದ ಓಡಿ ಶಾಲೆಗೆ, ಶಾಲೆಯಿಂದ ಓಡಿ ಒಲೆಯ ಮುಂದೆ. ರಾಶಿ ಪಾತ್ರೆಯ ಮುಂದೆ ನಿಂತಾಗಲೆಲ್ಲ ನಲ್ಲಿ ತಿರುಗಿಸುವುದನ್ನೇ ಮರೆಯುತ್ತಿದ್ದಳು. ಕೆಲಸ ಹೆಚ್ಚಾಯಿತೆಂದಲ್ಲ, ಪಕ್ಕದಲ್ಲಿ ಅವನಿಲ್ಲವೆಂದು.

ಅಂಗಡಿಯ ಎದುರಿನ ಕಟ್ಟಡದಲ್ಲಿ ಕೊನೆಗೂ ಅವನು ಸಿಕ್ಕಿದ. ಲಿಫ್ಟಿನ ಬಾಗಿಲು ಬಿಚ್ಚಿಟ್ಟು ಕೂತಿದ್ದ. ಎದೆಯ ಮೇಲೆ ಪಾಪು ಗೊರಗೊರ ಕೆಮ್ಮುತ್ತಿತ್ತು. ಅವಳು ಎತ್ತಿಕೊಳ್ಳಲು ಕೈ ಚಾಚಿದಳು. ಅವನು ಮೆಲ್ಲಗೆ ಪಕ್ಕಕ್ಕೆ ಸರಿದ.

"ಈ ಧೂಳಲ್ಲಿ ಯಾಕೆ ತಂದ್ರಿ ಇವಳನ್ನ? ಮೊದಲಿನ ಹಾಗೆ ಬೆಳಿಗ್ಗೆ ನನ್ನ ಹತ್ರ..."

"ಕೆಲಸದವನ ಮಗು, ಕೆಲಸದ ಜಾಗದಲ್ಲೇ ಇರಲಿ ಬಿಡಿ."

"ನನ್ನ ಪರಿಸ್ಥಿತಿ ನಿಮಗೆ ಗೊತ್ತಿಲ್ವಾ? ಬಟಾಣೀನ ಕರ್ಕೊಂಡು ಹೋಗ್ತಾರೆ ಅನ್ನೋ ಹೆದರಿಕೆಗೆ..."

"ಗೊತ್ತು. ನಾನಿದ್ರೂ ಅದನ್ನೇ ಹೇಳ್ತಿದ್ನೋ ಏನೋ." ಅವನು ಸ್ಪ್ಯಾನರ್ ಕೆಳಗಿಟ್ಟ. "ಆದ್ರೆ ಎಷ್ಟು ಸಲೀಸಾಗಿ ಬಂತು ನಿಮ್ಮ ಬಾಯಿಗೆ. ಒಂದ್ಸಲ ತೊದಲಿದ್ರೂ ಸಾಕಾಗಿತ್ತು ನನಗೆ."

ಬೇರೆ ಊರಿನ ಕೆಲಸ ಕೇಳಿದ್ದೇನೆ, ಒಪ್ಪಿದ್ದಾರೆ, ಈ ವಾರವೇ ಹೊರಡುತ್ತೇನೆ ಎಂದು ಅವನು ಗೋಡೆಗೆ ಹೇಳಿದಂತೆ ಹೇಳಿದ. ಅವಳು ವಾಪಸು ಅಂಗಡಿಗೆ ಬಂದು ಗಾಜು ಉಜ್ಜಿದಳು. ಕಣ್ಣು ಮಂಜಾಗಿ ಒಂದು ಗಾಜು ಒಡೆಯಿತು.

ನಾನು ಅವನನ್ನು ಕೊಟ್ಟು ಮಗಳನ್ನು ಉಳಿಸಿಕೊಂಡೆ. ತಾಯಿಯಾದವಳು ಇನ್ನೇನು ಮಾಡಬೇಕಿತ್ತು? ಅಷ್ಟೇ ಸರಿ... ಎಂದು ಅಂದುಕೊಂಡು ಎರಡು ದಿನ ದೂಡಿದಳು.

ಮೂರನೆಯ ದಿನ ಬೆಳಿಗ್ಗೆ ಬಟಾಣಿ ಶಾಲೆಗೆ ಹೊರಟು ನಿಂತಿದ್ದಳು. ಅತ್ತೆ ಅವಳ ಶೂ ನೋಡಿ ಮೂಗಿನ ಮೇಲೆ ಬೆರಳಿಟ್ಟರು.

"ಎಷ್ಟು ಬಿಗಿಯಾಗಿ ಕಟ್ಟಿದೀಯೇ ಪುಟ್ಟಿ! ಯಾರು ಕಲಿಸಿದ್ರು?"

"ಯಾರೂ ಇಲ್ಲ ಅಜ್ಜಿ. ನಾನೇ ಕಲ್ತೆ."

ಒಂದು ತೊದಲಿಲ್ಲ. ರೆಪ್ಪೆ ಅಲುಗಲಿಲ್ಲ. ಹೇಳಿ ಮುಗಿಸಿ, ಸರಿಯಾಗಿ ಹೇಳಿದೆನಾ ಎಂದು ಅಮ್ಮನ ಮುಖ ನೋಡಿದಳು ಆ ಆರು ವರ್ಷದ ಕೂಸು.

ಅವಳು ಕೈಯಲ್ಲಿದ್ದ ಊಟದ ಡಬ್ಬಿ ಕೆಳಗಿಟ್ಟಳು. ಎಷ್ಟು ಸಲೀಸಾಗಿ ಬಂತು... ಮಗಳನ್ನು ಉಳಿಸಿಕೊಳ್ಳಲೆಂದು ಸುಳ್ಳಾಡಿದಳು. ಉಳಿದ ಮಗಳು ಆ ಸುಳ್ಳನ್ನೇ ಕಲಿತಿದ್ದಳು!

ಅವಳು ಮಗಳ ಮುಂದೆ ಮಂಡಿಯೂರಿದಳು. "ಯಾರು ಕಲಿಸಿದ್ದು ಅಂತ ಅಜ್ಜಿಗೆ ಹೇಳು ಕಂದಾ. ನಿಜ ಹೇಳು."

ಬಟಾಣಿಯ ತುಟಿ ಅದುರಿತು. "ಲಿಫ್ಟ್ ಮಾಮ."

ಮಗಳನ್ನು ಶಾಲೆಗೆ ಬಿಟ್ಟು ಬಂದಾಗ ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಅವಳೇ ಶುರು ಮಾಡಿದಳು. ಅವರು ಕೆಲಸದವರಲ್ಲ ಅತ್ತೆ ಎಂದು ತೊದಲಿದಳು. ಲಿಫ್ಟಿನ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಲಿಲ್ಲ.

"ನನ್ನ ಮಗನ ಜಾಗಕ್ಕೆ ತಂದ್ಯಾ ಅವನನ್ನ?" ಅತ್ತೆಯ ದನಿ ಒಡೆದಿತ್ತು.

"ನಿಮ್ಮ ಮಗನ ಜಾಗ ಅವರು ಕೇಳಲಿಲ್ಲ. ಅವರು ನಿಂತಿದ್ದು ಸಿಂಕಿನ ಮುಂದೆ. ಅಲ್ಲಿ ನಿಮ್ಮ ಮಗ ಒಂದು ದಿನಾನೂ ನಿಂತಿರಲಿಲ್ಲ ಅತ್ತೆ."

ಹೇಳಿದ ಮೇಲೆ ಅವಳಿಗೇ ಭಯವಾಯಿತು. ಸತ್ತವನ ತಾಯಿಗೆ ಹೇಳುವ ಮಾತೇ ಇದು? ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು.

"ಅವನಪ್ಪನೂ ನಿಂತಿರಲಿಲ್ಲ," ಎಂದರು ಕೊನೆಗೆ. "ನಾನು ಕಲಿಸಲೂ ಇಲ್ಲ."

ಅವರು ಬಟ್ಟೆಯ ಚೀಲ ತುಂಬಿದರು. ನಾದಿನಿ ಕೋರ್ಟಿಗೆ ಹೋಗದೆ ಬಿಡುವವಳಲ್ಲ, ಅವಳನ್ನು ತಡೆಯುವುದು ತಮ್ಮ ಕೈಲಿಲ್ಲ ಎಂದರು. ಕ್ಷಮಿಸಿದ್ದೇನೆ ಎನ್ನಲಿಲ್ಲ, ಹರಸಲೂ ಇಲ್ಲ. ಬಾಗಿಲು ದಾಟುವಾಗ ಮಾತ್ರ ಒಮ್ಮೆ ನಿಂತರು.

"ನನ್ನ ಕರೆದು ಕೇಳಿದ್ರೆ, ನಾನು ಕಣ್ಣಾರೆ ಕಂಡಿದ್ದನ್ನೇ ಹೇಳ್ತೀನಿ."

"ಏನು ಕಂಡ್ರಿ ಅತ್ತೆ?"

"ಲೋಟ ಚೆನ್ನಾಗಿ ತೊಳೆದಿದ್ದ."

ಅವಳು ಅಂದು ಅಂಗಡಿಗೆ ಹೋಗಲಿಲ್ಲ. ಹಿಂದಿನ ಬೀದಿಯ ಅವನ ಒಂಟಿ ಕೋಣೆಯ ಬಾಗಿಲು ತಟ್ಟಿದಳು. ಅವನು ತೆರೆದು, ಅವಳನ್ನು ಕಂಡು, ಸರಿದು ದಾರಿ ಬಿಟ್ಟ. ಅರ್ಧ ಕಟ್ಟಿದ ಪೆಟ್ಟಿಗೆಗಳು, ಮೂಲೆಯಲ್ಲಿ ಔಷಧಿಯ ಶೀಶೆ, ನಿದ್ದೆಯಲ್ಲೂ ಕೆಮ್ಮುವ ಪಾಪು. ತೊಟ್ಟಿಯ ತುಂಬ ಎಂಜಲು ಪಾತ್ರೆ. ಪರರ ಮನೆಯಲ್ಲಿ ಒಂದು ಚಮಚ ಉಳಿಸದವನು ತನ್ನ ಮನೆಯಲ್ಲಿ ಕೈಚೆಲ್ಲಿದ್ದ.

ಅವಳು ತೋಳು ಮಡಚಿ ನಲ್ಲಿ ತಿರುಗಿಸಿದಳು.

"ಬಿಡಿ, ನೀವ್ಯಾಕೆ..."

"ಸಹಾಯ ಅನ್ಬೇಡಿ. ನಾನು ಉಂಡ ತಟ್ಟೇನೂ ತೊಳೆದವರು ನೀವು."

ಅವಳು ಬೆನ್ನು ತಿರುಗಿಸಿಯೇ ಮಾತಾಡಿದಳು, ಮುಖ ನೋಡಿದರೆ ಅಳು ಬರುತ್ತಿತ್ತು.

"ಅತ್ತೆಗೆ ಎಲ್ಲ ಹೇಳಿಬಂದೆ."

"ಏನಂತ?"

"ಅವರು ನಮ್ಮನೆಯವರು ಅಂತ."

ನೀರು ಸುಮ್ಮನೆ ಹರಿಯುತ್ತಿತ್ತು. ಅವನ ದನಿ ಬಹಳ ಹತ್ತಿರದಿಂದ ಕೇಳಿತು.

"ಬಟಾಣೀನ ಕಿತ್ಕೊಂಡು ಹೋಗಬಹುದು ಅಂತ ಗೊತ್ತಿದ್ದೂ?"

"ಗೊತ್ತಿದ್ದೇ. ಹೇಳುವಾಗ ತೊದಲಿದೆ ಕೂಡ, ತುಂಬಾ ಹೆದರಿಕೆ ಆಗಿತ್ತು. ಈಗಲೂ ಆಗ್ತಿದೆ. ನಾಳೆ ಕೋರ್ಟಿಗೆ ಕರೆದರೆ ಒಬ್ಬಳೇ ಹೇಗೆ..."

ಅವನು ಅವಳ ಕೈಯಿಂದ ತಟ್ಟೆ ತೆಗೆದುಕೊಂಡ. ಜಾಲಿಸಿದ, ಒರೆಸಿದ, ಬೋರಲು ಹಾಕಿದ. ಮುಂದಿನದಕ್ಕೆ ಕೈ ಚಾಚಿದ. ಅವಳ ಒದ್ದೆ ಬೆರಳು ಅವನ ಒದ್ದೆ ಬೆರಳಿಗೆ ತಾಗಿ ಅಲ್ಲೇ ನಿಂತಿತು.

ಅವನ ಕಣ್ಣಲ್ಲಿ ನೀರು, ತುಟಿಯಲ್ಲಿ ಎಷ್ಟೋ ದಿನದ ಮೇಲೆ ಸಣ್ಣ ತುಂಟತನ.

"ಹಾಗಾದ್ರೆ ನಾಳೆ ಎಷ್ಟು ಹೊತ್ತಿಗೆ ಬರ್ಲಿ, ಅಮ್ಮಾವ್ರೇ?"

ಅವಳು ಅವನ ಭುಜಕ್ಕೆ ಹಣೆಯಿಟ್ಟಳು.

"ಹೋದ್ರೆ ತಾನೇ ಬರೋದು? ಹೋಗ್ಲೇಬೇಡಿ."